ಭಾರ ಹಾಕುವ ವಿಧಾನ
(ರನ್ನ ಬೆಳಗಲಿ ಸುತ್ತಲಿನ ಕಬ್ಬಿನ ಸೀಮೆಯ ಕ್ರೈಸ್ತರಿಗಾಗಿ ಬಳಕೆಯ ಕೈಪಿಡಿ)

ಮೊದಲು ಇದನ್ನು ಓದಿ. ದೇವರ ಮೇಲಿನ ನಂಬಿಕೆ ಕರೆಂಟಿಲ್ಲದೆಯೂ ನಡೆಯುತ್ತದೆ; ಪಂಪ್‌ಸೆಟ್ ನಡೆಯುವುದಿಲ್ಲ. ನಡುರಾತ್ರಿ ತ್ರೀಫೇಸ್ ಬಂದಾಗ "ಕರ್ತನು ನೋಡಿಕೊಳ್ಳುತ್ತಾನೆ" ಎಂದು ಮಗ್ಗಲು ಬದಲಿಸಬೇಡಿ. ಎದ್ದು, ಬ್ಯಾಟರಿ ಬೆಳಕು ಬಿಟ್ಟು ಹಾವಿದೆಯೇ ನೋಡಿ, ಸ್ಟಾರ್ಟರಿನ ಹಸಿರು ಗುಂಡಿ ಒತ್ತಿ. ನೀರು ಸಾಲಿನ ತುದಿ ಮುಟ್ಟುವವರೆಗೆ ಬದುವಿನ ಮೇಲೆ ಕೂತರೆ ಪ್ರಾರ್ಥನೆಗೆ ಬೇಕಾದಷ್ಟು ಹೊತ್ತು ಸಿಗುತ್ತದೆ.

ಜೋಡಣೆ ಸುಲಭ. ಮತ್ತಾಯನ ಸುವಾರ್ತೆಯ ಆರನೇ ಅಧ್ಯಾಯ ತೆರೆಯಿರಿ. ಅಲ್ಲಿ ಬೇಡ ಎಂದಿರುವುದು ಚಿಂತೆ, ಕೆಲಸವಲ್ಲ.

ಕಾರ್ಖಾನೆಯಿಂದ ಬಿಲ್ ಬಾರದಿದ್ದರೆ: ಕಬ್ಬು ಕೊಟ್ಟ 14 ದಿನದೊಳಗೆ ಹಣ, ತಪ್ಪಿದರೆ ವರ್ಷಕ್ಕೆ ಶೇ. 15 ಬಡ್ಡಿ ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಮೊಣಕಾಲೂರಿ ಪ್ರಾರ್ಥಿಸಿ, ಎದ್ದ ಮೇಲೆ ತೂಕದ ಚೀಟಿ ಲಗತ್ತಿಸಿ ಅರ್ಜಿ ಬರೆಯಿರಿ. ದೀರ್ಘಶಾಂತಿ ಪವಿತ್ರಾತ್ಮನ ಫಲ, ಒಪ್ಪೋಣ. ಬಡ್ಡಿ ಬಿಟ್ಟುಕೊಡುವುದು ಆ ಪಟ್ಟಿಯಲ್ಲಿಲ್ಲ.

ಹಳೆಯ ಮಾದರಿ ಬೇಕಾದವರು ಬಾಸೆಲ್ ಮಿಶನ್ನಿನವರನ್ನು ನೋಡಬಹುದು. ನಮ್ಮ ಜಿಲ್ಲೆಯ ಗುಳೇದಗುಡ್ಡಕ್ಕೂ ಬಂದಿದ್ದರು. ಎಲ್ಲಕ್ಕೂ ದೇವರ ಮೇಲೆ ಭಾರ ಹಾಕುವ ಜನ. ಆದರೂ ಮಂಗಳೂರಿನಲ್ಲಿ ಮಗ್ಗ ಹೂಡಿದರು, 1865ರಲ್ಲಿ ಹಂಚಿನ ಕಾರ್ಖಾನೆ ತೆರೆದರು. ಜಾತಿ ಬಿಟ್ಟು ಬಂದವನ ಕೈಯಿಂದ ಮೊದಲು ಜಾರುವುದು ಕುಲಕಸುಬು ಎಂಬುದು ಅವರಿಗೆ ಬೇಗ ತಿಳಿಯಿತು.

ನೆರೆಹೊರೆಯ ಹೊಂದಾಣಿಕೆ: ಊರಿನ ಹೆಸರಿನಲ್ಲೇ ಇರುವ ಕವಿ ರನ್ನ ಜೈನ. ಅವನ ಮತದಲ್ಲಿ ಅನ್ನ ಕೊಡುವ ಸೃಷ್ಟಿಕರ್ತನಿಲ್ಲ, ಎಲ್ಲ ಕರ್ಮದ ಲೆಕ್ಕ. ಆದರೂ ಬಳೆಗಾರರ ಮನೆಯ ಹುಡುಗನಿಗೆ ಅತ್ತಿಮಬ್ಬೆಯ ಆಸರೆ ಸಿಕ್ಕಿತು, 993ರಲ್ಲಿ ಅಜಿತಪುರಾಣ ಮುಗಿಯಿತು. ಇದನ್ನು ಯಾರ ಖಾತೆಗೆ ಹಾಕುವುದೆಂದು ಸಭಾಪಾಲಕರನ್ನೂ ಕೇಳಿ, ಬಸದಿಯಲ್ಲೂ ಕೇಳಿ. ಇಬ್ಬರನ್ನೂ ಒಂದೇ ದಿನ ಕೇಳಬೇಡಿ.

ದೊಡ್ಡ ದೋಷಗಳು: 1876–78ರ ಬರ ಆಗಿನ ಕಲಾದಗಿ ಜಿಲ್ಲೆಯನ್ನು ಹಿಂಡಿಹಾಕಿತು. 2019ರ ಆಗಸ್ಟಿನಲ್ಲಿ ಘಟಪ್ರಭೆ ಮುಧೋಳ ಸೀಮೆಯ ಹೊಲ, ಮನೆಗೆ ನುಗ್ಗಿತು. ಕಳೆದುಕೊಂಡವರು ಪ್ರಾರ್ಥನೆಯಲ್ಲಿ ಕಡಿಮೆಯವರಲ್ಲ. ಇದಕ್ಕೆ ಪರಿಹಾರ ಈ ಕೈಪಿಡಿಯಲ್ಲಿ ಅಚ್ಚಾಗಿಲ್ಲ. ಯಾರಾದರೂ "ಎಲ್ಲ ದೇವರ ಚಿತ್ತ" ಎಂದು ವಿವರಿಸಲು ಬಂದರೆ ರೊಟ್ಟಿ ಬುಟ್ಟಿ ಅವರ ತಲೆಯ ಮೇಲಿಟ್ಟು ಗಂಜಿ ಕೇಂದ್ರಕ್ಕೆ ಕಳಿಸಿ. ವಿವರಣೆ ಅಲ್ಲಿಂದ ಬಂದ ಮೇಲೆ ಕೇಳಿದರಾಯಿತು.