ಒರಿಜಿನಲ್ ಗಿಲೀಟು

ರಾಮನಾಥಪುರದ ಕಡೆಯ ಮದುವೆ ಛತ್ರಗಳಲ್ಲಿ ಜನ ಮುಗಿಬೀಳುವುದು ಎರಡೇ ಜಾಗದಲ್ಲಿ. ಒಂದು ಊಟದ ಹಾಲಿನ ಬಾಗಿಲು, ಇನ್ನೊಂದು ಗಿಲೀಟು ಟೀಚರಮ್ಮ ಕೂತಿರುವ ಕುರ್ಚಿ. ಬಾಗಿಲಿನ ಗುಂಪಿಗೆ ಕಾರಣ ಹಸಿವು. ಕುರ್ಚಿಯ ಗುಂಪಿಗೆ ಕಾರಣ ಟೀಚರಮ್ಮನ ಕುತ್ತಿಗೆ.

ಆ ಕುತ್ತಿಗೆಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ ಬರಬೇಕು. ಗಂಟಲಿಗೆ ಅಂಟಿಕೊಂಡಂತೆ ಕೆಂಪು ಹರಳಿನ ಅಡ್ಡಿಕೆ. ಅದರ ಕೆಳಗೆ ಗುಂಡಿನ ಸರ, ಅದಕ್ಕೂ ಕೆಳಗೆ ಕಾಸಿನ ಸರ, ಕೊನೆಗೆ ಹೊಟ್ಟೆಯ ಮೇಲೆ ವಿಶ್ರಾಂತಿ ಪಡೆಯುತ್ತಿರುವ ಒಂದು ಗಂಡಭೇರುಂಡದ ಪದಕ. ಕಿವಿಯಲ್ಲಿ ಬೆಂಡೋಲೆ, ಬೆಂಡೋಲೆಗೆ ಜುಮುಕಿ, ಜುಮುಕಿಯ ಭಾರ ಹೊರಲು ಮಾಟಿ. ತೋಳಲ್ಲಿ ವಂಕಿ, ಸೊಂಟದಲ್ಲಿ ಡಾಬು. ಇಷ್ಟೆಲ್ಲ ಸೇರಿಸಿ ತೂಗಿದರೂ ಒಂದು ಗುಲಗಂಜಿ ಚಿನ್ನ ಸಿಗುವುದಿಲ್ಲ. ಇದು ಊರಿಗೆಲ್ಲ ಗೊತ್ತು. ಗೊತ್ತಿಲ್ಲದವರಿಗೆ ಅವರೇ ಹೇಳುತ್ತಾರೆ.

ಹೊಸದಾಗಿ ಊರಿಗೆ ಬಂದ ಸೊಸೆಯೊಬ್ಬಳು ಮುಗ್ಧವಾಗಿ ಕೇಳುತ್ತಾಳೆ: “ಎಲ್ಲಾ ಚಿನ್ನಾನಾ ಟೀಚರಮ್ಮಾ?”

“ಥೂ! ದುಡ್ಡಿದ್ರೆ ಚಿನ್ನ ಯಾರು ಬೇಕಾದ್ರೂ ಹಾಕ್ಕೋತಾರೆ ಕಣಮ್ಮ. ಇದು ಒರಿಜಿನಲ್ ಗಿಲೀಟು.”

ಈ ‘ಒರಿಜಿನಲ್’ ಎಂಬ ಮಾತಿನ ಮೇಲೆ ಅವರ ಇಡೀ ಬದುಕು ನಿಂತಿದೆ. ನಕಲಿಯಲ್ಲೂ ಜಾತಿ, ಕುಲ, ಗೋತ್ರ ಉಂಟು ಎಂದು ನನಗೆ ತಿಳಿದದ್ದು ಅವರಿಂದಲೇ. ಎಲ್ಲಕ್ಕಿಂತ ಮೇಲಿನದು ಹಳೇ ಕಾಲದ ರೋಲ್ಡ್ ಗೋಲ್ಡ್. ಹಿತ್ತಾಳೆಯ ಮೇಲೆ ತೆಳು ಚಿನ್ನದ ತಗಡನ್ನು ಬೆಸೆದು, ಎರಡನ್ನೂ ಸೇರಿಸಿ ರೋಲರಿನಲ್ಲಿ ಒತ್ತಿ ಮಾಡಿದ್ದು. ಅದರ ನಂತರ ಚಿದಂಬರದ ಕವರಿಂಗು ಮತ್ತು ಮಚಲೀಪಟ್ಟಣದ ಪಕ್ಕದ ಚಿಲಕಲಪೂಡಿಯ ಮಾಲು. ಇವೆರಡರಲ್ಲಿ ಯಾವುದು ಮೇಲು ಎಂಬುದನ್ನು ಅವರು ಇನ್ನೂ ತೀರ್ಮಾನಿಸಿಲ್ಲ, ತೀರ್ಮಾನಿಸುವ ಅವಸರವೂ ಅವರಿಗಿಲ್ಲ. ಬರೀ ನೀರು ಕೊಡಿಸಿದ ಮುಲಾಮಿನ ಒಡವೆ ಅವರ ಮನೆಯ ಜಗುಲಿಯವರೆಗೆ ಬರಬಹುದು. ಈಗಿನ ‘ಒಂದು ಗ್ರಾಂ ಗೋಲ್ಡ್’ ಹೊಸ್ತಿಲು ದಾಟುವ ಹಾಗಿಲ್ಲ. “ಒಂದು ಗ್ರಾಂ ಅಂತೆ! ಎಲ್ಲಿದೆ ಆ ಒಂದು ಗ್ರಾಂ, ತೋರಿಸು ನೋಡೋಣ. ಜನಕ್ಕೆ ಮೋಸ ಮಾಡೋಕೂ ಒಂದು ನಿಯತ್ತು ಬೇಕು,” ಎನ್ನುತ್ತಾರೆ.

ಸಂಗ್ರಹ ಇರುವುದು ಬಿಸ್ಕತ್ತಿನ ತಗಡಿನ ಡಬ್ಬಿಗಳಲ್ಲಿ. ಡಬ್ಬಿ ತೆರೆಯುವ ಶಾಸ್ತ್ರವೇ ಬೇರೆ. ಮೊದಲು ಕೈ ತೊಳೆದು, ಒರೆಸಿ, ಫ್ಯಾನು ಆರಿಸಬೇಕು. ಮುಚ್ಚಳ ತೆಗೆದರೆ ಮೇಲುಗಡೆ ಹತ್ತಿ, ಹತ್ತಿಯ ಮಧ್ಯೆ ಸೀಮೆಸುಣ್ಣದ ತುಂಡುಗಳು. ತೇವ ಹೀರಿಕೊಳ್ಳಲಿ, ಒಡವೆ ಕಪ್ಪಾಗದಿರಲಿ ಎಂದು. ಸರ್ಕಾರಿ ಶಾಲೆಯ ಸೀಮೆಸುಣ್ಣ ನಿವೃತ್ತಿಯ ನಂತರವೂ ಅವರ ಸೇವೆಯಲ್ಲಿದೆ. ಕರಿಹಲಗೆಯ ಮೇಲೆ ಸವೆದದ್ದಕ್ಕಿಂತ ಹೆಚ್ಚು ಈ ಡಬ್ಬಿಗಳೊಳಗೆ ಹೋಗಿದೆಯೆಂದು ಅವರ ಹಳೆಯ ಶಿಷ್ಯರ ಗುಮಾನಿ. ಒಂದೊಂದು ಒಡವೆಗೂ ಒಂದೊಂದು ಪ್ಲಾಸ್ಟಿಕ್ ಕವರು. ಓಲೆಯ ತಿರುಪಿಗೂ ಹಿಂಬದಿಗೂ ಬಣ್ಣವಿಲ್ಲದ ನೈಲ್ ಪಾಲಿಶ್ ಬಳಿದಿರುತ್ತಾರೆ, ಇಲ್ಲದಿದ್ದರೆ ಕಿವಿ ಹಸಿರಾಗಿ ಕೆರೆತ ಶುರುವಾಗುತ್ತದೆ. ತೊಳೆಯುವುದಕ್ಕೆ ಅಂಟುವಾಳದ ನೀರು. ಹುಣಸೆಹುಳಿ ಎಂಬ ಶಬ್ದವನ್ನು ಆ ಕೋಣೆಯಲ್ಲಿ ಎತ್ತುವಂತಿಲ್ಲ.

ಡಬ್ಬಿಯಿಂದ ಹೊರಬರುವ ಒಡವೆಗಳಿಗೆ ಹೆಸರುಗಳಿವೆ. ಮೊದಲು ಬರುವುದು ‘ಮೊರಾರ್ಜಿ ಸರ’. 1963ರ ಜನವರಿಯಲ್ಲಿ, ಮೊರಾರ್ಜಿ ದೇಸಾಯಿ ಅರ್ಥಮಂತ್ರಿಯಾಗಿದ್ದಾಗ, ಚಿನ್ನ ನಿಯಂತ್ರಣದ ನಿಯಮ ಬಂತಲ್ಲ, ಹದಿನಾಲ್ಕು ಕ್ಯಾರೆಟ್ಟಿಗಿಂತ ಮೇಲಿನ ಚಿನ್ನದಲ್ಲಿ ಹೊಸ ಒಡವೆ ಮಾಡುವಂತಿಲ್ಲ ಎಂದು? ದೇಶದ ತುಂಬ ಅಕ್ಕಸಾಲಿಗರ ಕುಲುಮೆ ತಣ್ಣಗಾದ ವರ್ಷ ಅದು. ಅದೇ ವರ್ಷ ಟೀಚರಮ್ಮನ ಚಿಕ್ಕಮ್ಮನ ಮದುವೆ. ಹದಿನಾಲ್ಕು ಕ್ಯಾರೆಟ್ಟಿನದು ಹಾಕಿದರೆ ಬೀಗರು ‘ಅರ್ಧ ತಾಮ್ರ’ ಎಂದು ಮೂಗು ಮುರಿದಾರು ಎಂದು ಯೋಚಿಸಿದ ತಾತ, ಅರ್ಧದ ಗೊಡವೆಯೇ ಬೇಡವೆಂದು ಪೂರ್ತಿ ಗಿಲೀಟನ್ನೇ ತಂದರು. ಬೀಗರು ಹಾಡಿ ಹೊಗಳಿದರಂತೆ. ಮುಂದೆ 1968ರಲ್ಲಿ ಅದು ಕಾಯಿದೆಯೇ ಆಗಿ, 1990ರಲ್ಲಿ ರದ್ದಾಯಿತು. ಊರೆಲ್ಲ ಸಂತೋಷಪಟ್ಟರೆ ಟೀಚರಮ್ಮ ಮಾತ್ರ ಮಂಕಾದರು. ಗಿಲೀಟಿಗೆ ಸರ್ಕಾರ ಕೊಡುತ್ತಿದ್ದ ಒಂದೇ ಒಂದು ಸಬ್ಸಿಡಿ ಅಲ್ಲಿಗೆ ನಿಂತಿತು ಎಂಬುದು ಅವರ ವಾದ.

ಆಮೇಲೆ ‘ಕಲ್ಪನಾ ಲೋಲಾಕು’. ನಟಿ ಕಲ್ಪನಾ ತೆರೆಯ ಮೇಲೆ ಏನು ತೊಟ್ಟರೂ ಅದೇ ಫ್ಯಾಷನ್ ಆಗುತ್ತಿದ್ದ ದಿನಗಳಲ್ಲಿ ಕೊಂಡದ್ದು. ಪುಟ್ಟಣ್ಣ ಕಣಗಾಲ್ ಹುಟ್ಟಿದ ಊರು ಪಕ್ಕದ ಪಿರಿಯಾಪಟ್ಟಣ ತಾಲ್ಲೂಕಿನದೇ ಆದ್ದರಿಂದ ಅವರ ಸಿನಿಮಾದ ನಾಯಕಿಯ ಲೋಲಾಕಿನ ಮೇಲೆ ತಮಗೆ ನೆರೆಹೊರೆಯ ಹಕ್ಕಿದೆ ಎಂದು ಟೀಚರಮ್ಮ ನಂಬಿದ್ದಾರೆ. ಲೋಲಾಕು ಎಷ್ಟು ದೊಡ್ಡದೆಂದರೆ, ಬೇಡವೆನ್ನಲು ಅವರು ತಲೆ ಅಲ್ಲಾಡಿಸಿದರೆ ಎರಡೂ ಕೆನ್ನೆಗೆ ಏಟು ಬೀಳುತ್ತದೆ. ಹಾಗಾಗಿ ಅದನ್ನು ಹಾಕಿಕೊಂಡ ದಿನ ಯಾರು ಏನು ಕೇಳಿದರೂ ಹೂಂ ಎನ್ನುತ್ತಾರೆ. ಚಂದಾ ವಸೂಲಿಗೆ ಬರುವ ಹುಡುಗರು ಮೊದಲು ಕಿವಿ ನೋಡಿಯೇ ಗೇಟು ತೆಗೆಯುವುದು.

‘ದುರ್ಯೋಧನನ ಅಡ್ಡಿಕೆ’ಯ ಕಥೆ ಸ್ವಲ್ಪ ದೊಡ್ಡದು. ನಮ್ಮ ಸೀಮೆಯಲ್ಲಿ ಕುರುಕ್ಷೇತ್ರ ನಾಟಕ ಆಡದ ಹಳ್ಳಿ ಇಲ್ಲ. ಬಾಡಿಗೆಗೆ ಬಂದ ಸೀನರಿಯವರ ಪೆಟ್ಟಿಗೆಯಲ್ಲಿ ಒಮ್ಮೆ ಕೌರವೇಶ್ವರನ ಕಂಠಾಭರಣವೇ ಕಾಣಲಿಲ್ಲ. ಪಾರ್ಟು ಕಟ್ಟಿದವರು ಕೈಯಲ್ಲಿ ಗದೆ ಹಿಡಿದೇ ಟೀಚರಮ್ಮನ ಮನೆ ಬಾಗಿಲಿಗೆ ಬಂದರು. ಅವರು ಕೊಟ್ಟರು. ಆದರೆ ಹೆಣ್ಣುಮಕ್ಕಳ ಅಡ್ಡಿಕೆ ಆ ಗಂಟಲಿಗೆ ಸಾಲದೆ ದುರ್ಯೋಧನ ರಾತ್ರಿಯಿಡೀ ಮೇಲಿನ ಸ್ವರ ಬಿಟ್ಟು ಕೆಳಗೆ ಇಳಿಯಲಿಲ್ಲ. ಗದಾಯುದ್ಧದಲ್ಲಿ ಭೀಮ ತೊಡೆಗೆ ಹೊಡೆಯಲು ಗದೆ ಎತ್ತಿದ್ದೇ ತಡ, ಮುಂದಿನ ಸಾಲಿನಿಂದ ಕೂಗು ಬಂತು: “ಲೋ, ಹರಳು ಜೋಪಾನ ಕಣೋ!” ಭೀಮ ಗದೆಯನ್ನು ಮೆತ್ತಗೆ ಇಳಿಸಿದ. ಆವತ್ತು ದುರ್ಯೋಧನ ಸತ್ತದ್ದು ಏಟಿನಿಂದಲ್ಲ, ದಾಕ್ಷಿಣ್ಯದಿಂದ.

ಇಷ್ಟು ಜೋಪಾನದ ಮನುಷ್ಯರಿಗೂ ಒಂದು ನಷ್ಟವಾಗಿದೆ. ರಾಮೇಶ್ವರನ ದರ್ಶನ ಮುಗಿಸಿ ಕಾವೇರಿಯ ವಹ್ನಿ ಪುಷ್ಕರಿಣಿಯ ಮೀನುಗಳಿಗೆ ಪುರಿ ಹಾಕುತ್ತಿದ್ದಾಗ ಬಲಗಿವಿಯ ಜುಮುಕಿ ಜಾರಿ ನೀರಿಗೆ ಬಿತ್ತು. ಪಕ್ಕದಲ್ಲಿದ್ದ ಓರಗಿತ್ತಿ ಸಮಾಧಾನಕ್ಕೆಂದು, “ಹೋಗ್ಲಿ ಬಿಡಕ್ಕ, ಗಿಲೀಟು ತಾನೆ,” ಎಂದುಬಿಟ್ಟರು. ಅಲ್ಲಿಂದ ಇಬ್ಬರಿಗೂ ಮಾತಿಲ್ಲ. ಚಿನ್ನ ಹೋದರೆ ಅಂಗಡಿಯಲ್ಲಿ ಮತ್ತೆ ಸಿಗುತ್ತದೆ, ಆ ಕಾಲದ ರೋಲ್ಡ್ ಗೋಲ್ಡ್ ಜುಮುಕಿ ಎಲ್ಲಿ ಸಿಗುತ್ತದೆ ಎನ್ನುವುದು ಅವರ ಪ್ರಶ್ನೆ. ಈ ಪ್ರಶ್ನೆಗೆ ನನ್ನಲ್ಲೂ ಉತ್ತರವಿಲ್ಲ. ಅಲ್ಲಿಯ ಮೀನುಗಳು ದೇವರ ಮೀನುಗಳು, ಹಿಡಿಯುವಂತಿಲ್ಲ. ಆದ್ದರಿಂದ ಜುಮುಕಿ ಒಳ್ಳೆಯ ಕೈಯಲ್ಲೇ ಇದೆ ಎಂದುಕೊಂಡಿದ್ದಾರೆ.

ಬ್ಯಾಂಕಿನಲ್ಲಿ ಅವರನ್ನು ನೋಡಬೇಕು. ಯಾರದೋ ಜೊತೆಗೆಂದು ಹೋಗಿ ಕೂತಿರುತ್ತಾರೆ. ಒಡವೆ ನೋಡುವ ಸರಾಫರು ಅಭ್ಯಾಸಬಲದಿಂದ ಅವರ ಕೊರಳ ಕಡೆ ಕಣ್ಣು ಹಾಯಿಸಿದರೆ ಸಾಕು, “ಒರೆಗಲ್ಲು ಆ ಕಡೆ ಇಡಪ್ಪ, ಸವೆದೀತು!” ಎಂದು ಸೆರಗು ಎಳೆದುಕೊಳ್ಳುತ್ತಾರೆ.

ಇಷ್ಟನ್ನೇ ಬರೆದು ನಿಲ್ಲಿಸಿದರೆ ಟೀಚರಮ್ಮ ಬರೀ ಒಂದು ಹುಚ್ಚಿನ ಮನುಷ್ಯರಾಗಿ ಕಾಣುತ್ತಾರೆ. ಊರು ಅವರನ್ನು ಯಾಕೆ ಅಷ್ಟು ಮರ್ಯಾದೆಯಿಂದ ನಡೆಸಿಕೊಳ್ಳುತ್ತದೆ ಎಂದು ತಿಳಿಯಬೇಕಾದರೆ ನಮ್ಮ ಕಡೆಯ ಬೇಸಾಯ ಗೊತ್ತಿರಬೇಕು. ಇಲ್ಲಿ ಹೊಗೆಸೊಪ್ಪಿನದೇ ದರ್ಬಾರು. ಬೇಸಿಗೆಯಲ್ಲಿ ಸಸಿಮಡಿ, ಮುಂಗಾರಿನ ಹೊತ್ತಿಗೆ ನಾಟಿ, ಮಳೆಗಾಲದಲ್ಲಿ ಬ್ಯಾರನ್ನಿಗೆ ಸೌದೆ ಹಾಕಿ ಸೊಪ್ಪು ಬೇಯಿಸುವುದು. ರಾಮನಾಥಪುರದ ಮಾರುಕಟ್ಟೆಯಲ್ಲಿ ಹರಾಜು ಶುರುವಾಗಿ ಕೈಗೆ ಕಾಸು ಬರುವಾಗ ವರ್ಷ ಮುಗಿಯುತ್ತಿರುತ್ತದೆ. ಗೊಬ್ಬರಕ್ಕೆ, ಆಳಿಗೆ, ಸೌದೆಗೆ ಬೇಕಾದ ದುಡ್ಡಿಗಾಗಿ ಹೆಂಗಸರ ಕೊರಳಿನ ಚಿನ್ನ ನಾಟಿಗೆ ಮುಂಚೆಯೇ ಬ್ಯಾಂಕು ಸೇರಿ ಕೂತಿರುತ್ತದೆ. ಮದುವೆಗಳು ಬರುವುದೂ ಸರಿಯಾಗಿ ಆ ಬೇಸಿಗೆಯಲ್ಲೇ. ನಮ್ಮವರ ಪಂಚಾಂಗಕ್ಕೂ ಬ್ಯಾಂಕಿನ ಲೆಕ್ಕಕ್ಕೂ ಯಾವತ್ತೂ ಕೂಡಿಬಂದಿಲ್ಲ.

ಆಗ ಹಿತ್ತಿಲ ಬಾಗಿಲು ಮೆಲ್ಲಗೆ ಸದ್ದಾಗುತ್ತದೆ. “ಅಕ್ಕೋ, ಒಂದೆರಡು ದಿವ್ಸಕ್ಕೆ...”

ಟೀಚರಮ್ಮ ಪೂರ್ತಿ ಕೇಳುವುದಿಲ್ಲ. ಸೀರೆಯ ಬಣ್ಣ ಯಾವುದು, ಮದುವೆ ಹಗಲೋ ರಾತ್ರಿಯೋ, ಬೆವರು ಹೆಚ್ಚೋ ಕಡಿಮೆಯೋ, ಇಷ್ಟೇ ಅವರ ವಿಚಾರಣೆ. ದುಡ್ಡು ಮುಟ್ಟುವುದಿಲ್ಲ. ಆದರೆ ವಾಪಸ್ಸು ಬಂದ ಒಡವೆಯನ್ನು ಭೂತಗನ್ನಡಿ ಹಿಡಿದು ನೋಡಿ, ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಹತ್ತಕ್ಕೆ ಅಂಕ ಕೊಡುತ್ತಾರೆ. ‘ಕೊಂಡಿ ಸಡಿಲ, 7.’ ‘ಸೆಂಟು ಬಿದ್ದಿದೆ, 4. ಮುಂದಿನ ಬಾರಿ ಪೋಷಕರನ್ನು ಕರೆತರುವುದು.’ ಐವತ್ತು ದಾಟಿದ ಹೆಂಗಸರು ಅಂಕ ತಿಳಿಯುವವರೆಗೆ ಕೈಕಟ್ಟಿ ನಿಂತಿರುತ್ತಾರೆ.

ಯಾರು ಒಯ್ದರು ಎಂಬುದು ಆ ಪುಸ್ತಕ ಬಿಟ್ಟು ಹೊರಗೆ ಹೋಗುವುದಿಲ್ಲ. ಒಮ್ಮೆ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಟೀಚರಮ್ಮನ ಎಡಕ್ಕೆ ಹುಡುಗಿಯ ತಾಯಿ, ಬಲಕ್ಕೆ ಹುಡುಗನ ತಾಯಿ. ಇಬ್ಬರ ಕೊರಳಲ್ಲೂ ಇವರದೇ ಸರ. ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ.

“ಸರ ಚೆನ್ನಾಗೈತೆ ಬೀಗಿತ್ತಿ, ಎಷ್ಟು ಗ್ರಾಂ?”

“ಎಂಬತ್ತು. ಮೈಸೂರಲ್ಲಿ ಮಾಡ್ಸಿದ್ದು. ನಿಮ್ದು?”

“ನೂರರ ಮೇಲಿರಬೇಕು. ನಮ್ಮತ್ತೆ ಕಾಲದ್ದು, ತೂಕ ಯಾರು ನೋಡವ್ರೆ?”

ತೂಕವನ್ನು ನೋಡಿದವರು ನಡುವೆಯೇ ಕೂತಿದ್ದರು. ತೂಕ ಎಷ್ಟು, ಹಿತ್ತಾಳೆ ಎಲ್ಲಿಯದು, ಯಾವ ಜಾತ್ರೆಯಲ್ಲಿ ಎಷ್ಟಕ್ಕೆ ಚೌಕಾಸಿ ಮಾಡಿ ಕೊಂಡದ್ದು, ಎಲ್ಲ ನಾಲಿಗೆಯ ತುದಿಗೆ ಬಂದಿತ್ತು. ಅದಕ್ಕಿಂತ ಮುಖ್ಯವಾಗಿ, ಎಡಗಡೆಯ ಸರವನ್ನು ಮೈಸೂರಿನದು ಎಂದದ್ದು ಅವರಿಗೆ ಸಹಿಸಲಾಗದ ಅವಮಾನ. ಅದು ಅಪ್ಪಟ ಚಿಲಕಲಪೂಡಿ. ಟೀಚರಮ್ಮ ಒಂದು ಇಡೀ ಒಬ್ಬಟ್ಟನ್ನು ಮಡಚಿ ಬಾಯಿಗೆ ತುರುಕಿಕೊಂಡರು. ಎರಡನೆಯದನ್ನೂ ಬಡಿಸಿಕೊಂಡರು. ಕೈ ತೊಳೆಯಲು ಏಳುವಾಗ ಮಾತ್ರ ಬಲಗಡೆಯವರ ಕಿವಿಯಲ್ಲಿ, “ಕುತ್ತಿಗೆ ಬೆವರು ಒರೆಸ್ಕೊಳೇ,” ಎಂದು ಗದರಿದರು.

ಅವರ ಅಣ್ಣನ ಮಗಳು ಅಮೆರಿಕದಲ್ಲಿದ್ದಾಳೆ. ರಜಕ್ಕೆ ಬಂದವಳು ಡಬ್ಬಿಗಳನ್ನು ನೋಡಿ ಕುಣಿದಾಡಿದಳು. “ಅತ್ತೆ, ಇದಕ್ಕೆ ಅಲ್ಲಿ ವಿಂಟೇಜ್ ಅಂತಾರೆ. ಇದನ್ನೇ ಹುಡುಕಿಕೊಂಡು ಸಂತೆ ಸಂತೆ ಅಲೀತಾರೆ. ಪ್ಯಾರಿಸ್ಸಿನ ಕೊಕೊ ಶನೆಲ್ ನಕಲಿ ಮುತ್ತನ್ನೂ ಅಸಲಿ ಮುತ್ತನ್ನೂ ಒಟ್ಟಿಗೆ ಹಾಕ್ಕೋತಿದ್ದಳು. 1953ರಲ್ಲಿ ಐಸೆನ್‌ಹೋವರ್ ಅಧ್ಯಕ್ಷರಾದಾಗ ಅವರ ಹೆಂಡತಿ ಮೇಮಿ ಸಮಾರಂಭಕ್ಕೆ ಹಾಕ್ಕೊಂಡಿದ್ದು ಟ್ರೈಫಾರಿ ಕಂಪನಿಯ ನಕಲಿ ಮುತ್ತು, ಗೊತ್ತಾ?”

ಶನೆಲ್ ಮಾಡಿದ್ದು ಟೀಚರಮ್ಮನಿಗೆ ಸರಿಕಾಣಲಿಲ್ಲ. ಅಸಲಿಯ ಜೊತೆ ಸೇರಿಸಿ ಹಾಕಿದರೆ ಗಿಲೀಟಿನ ಮರ್ಯಾದೆ ಏನಾಗಬೇಕು? ಮೇಮಿಯ ವಿಷಯ ಕೇಳಿ ಮಾತ್ರ ಕರಗಿದರು. “ಪಾಪ, ಅವರದ್ದೂ ಆ ವರ್ಷ ಅಡ ಬಿಡಿಸಿರಲಿಲ್ಲವೇನೋ,” ಎಂದರು.

2025ರಲ್ಲಿ ಹತ್ತು ಗ್ರಾಂ ಚಿನ್ನ ಲಕ್ಷ ರೂಪಾಯಿ ದಾಟಿದ ಮೇಲೆ ಹಿತ್ತಿಲ ಬಾಗಿಲಿಗೆ ಪುರುಸೊತ್ತಿಲ್ಲ. ಚಿನ್ನ ಉಳ್ಳವರೂ ಅದನ್ನು ಲಾಕರಿನಲ್ಲಿಟ್ಟು ಇವರ ಹತ್ತಿರ ಬರುತ್ತಿದ್ದಾರೆ. ಅಂಥವರಿಗೆ ಟೀಚರಮ್ಮ ಮುಲಾಮಿನ ಮಾಲು ಕೊಟ್ಟು ಕಳಿಸುತ್ತಾರೆ, ಒಳ್ಳೆಯದು ಸೊಪ್ಪು ಬೆಳೆದವರಿಗೇ ಮೀಸಲು. ಇದು ನನಗೂ ನ್ಯಾಯವಾಗಿಯೇ ಕಾಣುತ್ತದೆ.

ಸಂಗ್ರಹಕ್ಕೆ ಹೊಸ ಸೇರ್ಪಡೆ ಆಗುವುದು ವರ್ಷಕ್ಕೊಮ್ಮೆ, ಮಾರ್ಗಶಿರ ಶುದ್ಧ ಷಷ್ಠಿಯ ಸುಬ್ರಹ್ಮಣ್ಯ ಸ್ವಾಮಿಯ ರಥದ ಹೊತ್ತಿಗೆ. ದನಗಳ ಜಾತ್ರೆಗೆ ಬಂದವರು ಹೋರಿಯ ಹಲ್ಲು ನೋಡಿದರೆ ಇವರು ಬಳೆ ಅಂಗಡಿಗಳಲ್ಲಿ ಸರದ ಕೊಂಡಿ ನೋಡುತ್ತಾರೆ. ಅಂಗಡಿಯವನು ಹೊಸ ಮಾಲು ಮುಂದೆ ಚಾಚಿದರೆ, “ನಿಮ್ಮಪ್ಪನ ಕಾಲದ ಸ್ಟಾಕು ಏನಾದ್ರೂ ಉಳಿದಿದ್ರೆ ತೆಗಿ,” ಎನ್ನುತ್ತಾರೆ. ಅವನು ತೆಗೆಯುತ್ತಾನೆ ಕೂಡ.

ನೀವು ಈ ಸಲ ಷಷ್ಠಿಗೆ ಬಂದರೆ ಅವರು ಸಿಗದೆ ಇರುವುದಿಲ್ಲ. ಚಿನ್ನಾನಾ ಎಂದು ಕೇಳಬೇಡಿ, ಯಾವ ಕಾಲದ್ದು ಎಂದು ಕೇಳಿ. ಆದರೆ ಕೇಳುವುದಕ್ಕೆ ಮುಂಚೆ ಅರಕಲಗೂಡಿಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿಕೊಂಡಿರಿ.