ಜಟಾಯು ಹೋಟೆಲಿನಲ್ಲಿ ನನ್ನ ಸೊಂಟ

ನೇಪಾಳದ ಪಿಠೌಲಿಯಲ್ಲಿ ‘ಜಟಾಯು ರೆಸ್ಟೋರೆಂಟ್’ ಇದೆ ಅಂದಾಗ ನನ್ನವಳು ಮೊದಲು ಕೇಳಿದ್ದು, “ಪ್ಯೂರ್ ವೆಜ್ಜಾ ರೀ?” ಅಂತ. ಅಲ್ಲಿ ಗಿರಾಕಿಗಳು ರಣಹದ್ದುಗಳು, ಬಡಿಸುವುದು ಸತ್ತ ದನ ಎಂದು ತಿಳಿದ ಮೇಲೆ ಚಿತವನದ ಲಾಡ್ಜಿನಲ್ಲೇ ಉಳಿದಳು. ಬೆಂಗಳೂರಿನ ಮಗ್ಗುಲಲ್ಲೇ ಇರುವ ರಾಮದೇವರಬೆಟ್ಟದ ರಣಹದ್ದು ಧಾಮಕ್ಕೆ ಒಮ್ಮೆಯೂ ಹೋಗದ ನಾನು, ಬಾಡಿಗೆ ಲೆನ್ಸನ್ನು ಕುತ್ತಿಗೆಗೆ ನೇತುಹಾಕಿಕೊಂಡು ಒಬ್ಬನೇ ಹೊರಟೆ.

2006ರಲ್ಲಿ ಊರಿನವರು ಸೇರಿ ಶುರುಮಾಡಿದ ಏರ್ಪಾಡು ಇದು. ಮುದಿ ದನಗಳನ್ನು ತಂದು ಸಾಕುತ್ತಾರೆ. ಅವು ತಾವಾಗಿ ಸತ್ತ ಮೇಲೆ ಬಯಲಿನಲ್ಲಿ ಹಾಕುತ್ತಾರೆ. ನೋಡಲು ಬಂದವರು ಹೈಡ್ ಎಂಬ ಮರೆಗೂಡಿನೊಳಗೆ ಉಸಿರು ಬಿಗಿಹಿಡಿದು ಕೂರಬೇಕು.

ಉಸಿರು ಬಿಗಿಹಿಡಿಯಲು ಯಾರೂ ಹೇಳಬೇಕಾಗಿರಲಿಲ್ಲ. ಗಾಳಿ ನೇರ ನಮ್ಮ ಕಡೆಗೇ. ಮೂಗು ಮುಚ್ಚಿದರೆ ಕ್ಯಾಮೆರಾಕ್ಕೆ ಕೈಯಿಲ್ಲ, ಕ್ಯಾಮೆರಾ ಹಿಡಿದರೆ ಮೂಗಿಗೆ ದಿಕ್ಕಿಲ್ಲ. ಹದ್ದುಗಳೋ, ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುವ ಬೀಗರ ಹಾಗೆ ಮರದ ತುದಿಯಲ್ಲಿ ಬಿಗುಮಾನದಿಂದ ಕೂತಿದ್ದವು. ಅಷ್ಟರಲ್ಲಿ ನನ್ನ ಸೊಂಟ ಹಿಡಿದುಕೊಂಡಿತು. ಸದ್ದಾಗದಂತೆ ಬ್ಯಾಗಿನಿಂದ ಟ್ಯೂಬು ತೆಗೆದು, ಅಂಗಿ ಎತ್ತಿ, ತಿಕ್ಕತೊಡಗಿದೆ.

ಪಕ್ಕದಲ್ಲಿದ್ದ ಗೈಡ್ ಹುಡುಗ ಟ್ಯೂಬಿನ ಮೇಲಿನ ಹೆಸರು ಓದಿದ. ಡೈಕ್ಲೋಫೆನಾಕ್! ದನಕ್ಕೆ ಕೊಟ್ಟ ಈ ಔಷಧಿ ಹೆಣದ ಮೂಲಕ ಹದ್ದಿನ ಹೊಟ್ಟೆ ಸೇರಿ, ಮೂತ್ರಪಿಂಡ ಕೆಡಿಸಿ ಕೊಲ್ಲುತ್ತದೆ. 1990ರ ದಶಕದಿಂದೀಚೆಗೆ ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ನಾಶವಾದದ್ದು ಇದರಿಂದಲೇ. ಅದನ್ನು ನಾನು ಅವುಗಳ ಊಟದ ಮನೆಯಲ್ಲೇ ಬಿಚ್ಚಿ ಕೂತಿದ್ದೆ.

“ನೀವು ಹಚ್ಚಿಕೊಂಡರೆ ತೊಂದರೆಯಿಲ್ಲ ಸರ್,” ಎಂದು ಹಿಂದಿಯಲ್ಲಿ ಪಿಸುಗುಟ್ಟಿದ. “ಆದರೆ ಇಲ್ಲೇ ಏನಾದರೂ ಹೆಚ್ಚುಕಮ್ಮಿಯಾದರೆ ನಿಮ್ಮನ್ನ ಬಡಿಸೋಕಾಗಲ್ಲ.”

ಹದ್ದುಗಳು ಇಳಿಯಲು ಆರಿಸಿಕೊಂಡದ್ದು ಇದೇ ಮುಹೂರ್ತ. ಅಗಲ ರೆಕ್ಕೆ ಚಾಚಿ, ಬೋಳು ಕುತ್ತಿಗೆ ಮುಂದೆ ನೀಡಿ, ಒಂದರ ಬೆನ್ನಿಗೊಂದು ಧಪಧಪನೆ ಬಿದ್ದವು. ಒಂದು ಕೈಯಲ್ಲಿ ಅಂಗಿ, ಇನ್ನೊಂದರಲ್ಲಿ ಲೆನ್ಸ್. ಗಡಿಬಿಡಿಯಲ್ಲಿ ಜೆಲ್ ಮೆತ್ತಿದ ಬೆರಳು ನೇರ ಗಾಜಿಗೇ ಒತ್ತಿತು. ಒರೆಸಿದಷ್ಟೂ ಹರಡಿತು.

ಸಂಜೆ ಫೋಟೊ ನೋಡಿದ ಹೆಂಡತಿ, “ಪಾಪ, ಅಷ್ಟೊಂದು ಮಂಜಿತ್ತೇನ್ರೀ?” ಎಂದಳು. ಹೂಂ ಅಂದೆ.

ಫೋಟೊ ಹಾಳಾದರೆ ಹಾಳಾಗಲಿ. ಜಾನುವಾರುಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ನಮ್ಮಲ್ಲೂ 2006ರಲ್ಲೇ ನಿಷೇಧಿಸಲಾಗಿದೆ. ನಿಮ್ಮ ಕೊಟ್ಟಿಗೆಯ ಹಸು ಕುಂಟಿದರೆ ಮನೆಯಲ್ಲಿರುವ ನೋವಿನ ಮಾತ್ರೆ ನುಂಗಿಸಬೇಡಿ. ಹದ್ದಿಗೆ ಅಪಾಯವಿಲ್ಲದ ಮೆಲಾಕ್ಸಿಕ್ಯಾಮ್ ಇದೆ, ಪಶುವೈದ್ಯರನ್ನು ಕೇಳಿ.