ಸಾರ್ವಜನಿಕ ಉಪನ್ಯಾಸ ಮಹಾಶಯರಿಗೆ ಕೆಂಪಾಪುರದ ಬಿನ್ನವತ್ತಳೆ

ಸನ್ಮಾನ್ಯ ಸಾರ್ವಜನಿಕ ಉಪನ್ಯಾಸ ಮಹಾಶಯರೇ,

ಮಾಗಡಿ ಸೀಮೆಯ ಕೆಂಪಾಪುರಕ್ಕೆ ತಮಗೆ ಸುಸ್ವಾಗತ. ಕೆಂಪೇಗೌಡರ ಸಮಾಧಿ ಇಲ್ಲಿರುವುದು ವಿದ್ವಾಂಸರ ಕಣ್ಣಿಗೆ ಬಿದ್ದದ್ದೇ 2015ರಲ್ಲಿ. ಹಾಗಾಗಿ ತಾವು ತಡವಾಗಿ ಬಂದಿರೆಂದು ನಾವು ಮುನಿಸಿಕೊಳ್ಳುವವರಲ್ಲ. ತಡವೆಂಬುದು ಈ ಸೀಮೆಗೆ ಹೊಸದೂ ಅಲ್ಲ: ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬೆಂಗಳೂರಿನಲ್ಲಿ ಹುಟ್ಟಿದ್ದು 1996ರಲ್ಲಿ. ಅದರ ಕ್ಯಾಂಪಸ್ಸು ರಾಮನಗರದ ಅರ್ಚಕರಹಳ್ಳಿಗೆ ಬರುತ್ತದೆಂಬ ಮಾತಿಗೂ ಈಗ ಸಾಕಷ್ಟು ವಯಸ್ಸಾಗಿದೆ. ಇರಲಿ, ತಮ್ಮ ಗುಣಗಾನಕ್ಕೆ ಬರೋಣ. ವೈದ್ಯಕೀಯ ಸಂಶೋಧನೆಯ ಹೊಸ ಸುದ್ದಿಯನ್ನು ತಾವು ಜನರಿಗೆ ಪುಕ್ಕಟೆಯಾಗಿ ಹಂಚುತ್ತೀರಿ. ಬಾಗಿಲಲ್ಲಿ ಯಾರೂ ತಡೆಯುವುದಿಲ್ಲ. ಕೆಲಸದ ದಿನ, ಮಧ್ಯಾಹ್ನ ಮೂರಕ್ಕೆ, ಇಂಗ್ಲಿಷಿನಲ್ಲಿ, ಮುಂದಿನ ಸಾಲಿನ ಪ್ರಾಧ್ಯಾಪಕರಿಗೂ ಹಾಜರಾತಿಗಾಗಿ ಹಿಂದೆ ಕೂತ ವಿದ್ಯಾರ್ಥಿಗಳಿಗೂ ಭೇದವಿಲ್ಲದೆ ದೊರೆಯುತ್ತೀರಿ. ಇವರಲ್ಲದೆ ಸಾರ್ವಜನಿಕರು ಬೇರೆ ಯಾರಿದ್ದಾರು?

ಇದ್ದಾರೆ, ಮಹಾಶಯರೇ. ತಮ್ಮ ಪರದೆಯ ಮೇಲೆ ಮೂಡುವ ಅಂಕಿಗಳೆಲ್ಲ ಯಾರದೋ ಮೈಯಿಂದ ಬಂದವು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ, ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ನೆನಪಿನ ಶಕ್ತಿ ವಯಸ್ಸಿನೊಂದಿಗೆ ಹೇಗೆ ಬದಲಾಗುತ್ತದೆಂದು ವರ್ಷಗಳಿಂದ ನೋಡುತ್ತಿದೆ. ಇಂಥ ಅಧ್ಯಯನಕ್ಕೆ ಸೇರುವವರಿಗೆ ಅವರದೇ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆಯಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನಿಯಮ. ಅಂದರೆ ರಕ್ತ ತೆಗೆಯುವ ಮುನ್ನ ಅಪಾಯ, ಲಾಭ, ಗೋಪ್ಯತೆ ಎಲ್ಲವನ್ನೂ ಹೇಳಲು ಕನ್ನಡಕ್ಕೆ ಬರುತ್ತದೆ. ಹೆಬ್ಬೆಟ್ಟು ಒತ್ತುವ ಗಳಿಗೆಯವರೆಗೆ ಸಮರ್ಥವಾಗಿದ್ದ ಭಾಷೆ, ಫಲಿತಾಂಶ ಹೇಳುವ ಹೊತ್ತಿಗೆ ಏಕಾಏಕಿ ಬಡವಾಗುವ ಈ ಕಾಯಿಲೆಯ ಮೇಲೂ ಯಾರಾದರೂ ಸಂಶೋಧನೆ ಮಾಡಬೇಕು.

ವಿಷಯ ಕಠಿಣ, ಹಳ್ಳಿಯವರಿಗೆ ಅರ್ಥವಾಗದು ಎಂದು ತಮ್ಮ ಅಭಿಮಾನಿಗಳು ಹೇಳುತ್ತಾರೆ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ನಡೆದ ಒಂದು ಪ್ರಯೋಗವನ್ನೇ ತೆಗೆದುಕೊಳ್ಳೋಣ. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದದ್ದು. ಮನೆಯಲ್ಲೋ ಉಪಕೇಂದ್ರದಲ್ಲೋ ಹೆತ್ತ 1620 ತಾಯಂದಿರಲ್ಲಿ ಅರ್ಧದಷ್ಟು ಮಂದಿಗೆ ಹೆರಿಗೆಯಾದೊಡನೆ ಎಎನ್‌ಎಂ ಸಿಸ್ಟರ್ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದರು. ಉಳಿದವರಿಗೆ ನೋಡಲು ಅಂಥದೇ, ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದೆಂದು ಕೊಟ್ಟವರಿಗೂ ಗೊತ್ತಿರಲಿಲ್ಲ. ಔಷಧವಿಲ್ಲದವರಲ್ಲಿ ನೂರಕ್ಕೆ 12 ಮಂದಿಗೆ ಅರ್ಧ ಲೀಟರೋ ಅದಕ್ಕಿಂತ ಹೆಚ್ಚೋ ರಕ್ತ ಹೋಯಿತು; ಔಷಧ ಪಡೆದವರಲ್ಲಿ ನೂರಕ್ಕೆ ಆರು ಚಿಲ್ಲರೆ. ಮಾತ್ರೆಯಿಂದ ಕೆಲವರಿಗೆ ಚಳಿನಡುಕ, ಜ್ವರ ಬಂದದ್ದೂ ನಿಜ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಆ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಇಷ್ಟೇ. ಡೈರಿಯಲ್ಲಿ ದಿನವೂ ಲೀಟರು, ಫ್ಯಾಟು ಲೆಕ್ಕ ಹಾಕುವ ಹೆಂಗಸರಿಗೆ ಇದರಲ್ಲಿ ತಿಳಿಯದ್ದು ಯಾವುದು? ‘ಅಪಾಯ ಅರ್ಧಕ್ಕರ್ಧ ಇಳಿಯಿತು’ ಎಂದು ಚಪ್ಪಾಳೆ ಗಿಟ್ಟಿಸುವುದಕ್ಕಿಂತ ‘ನೂರರಲ್ಲಿ ಹನ್ನೆರಡು ಇದ್ದದ್ದು ಆರಾಯಿತು’ ಎನ್ನುವುದು ಹೆಚ್ಚು ಪ್ರಾಮಾಣಿಕವೂ ಹೌದು.

ಕನ್ನಡದಲ್ಲಿ ಈ ಪರಂಪರೆ ಇಲ್ಲವೆಂದೂ ಹೇಳುವಂತಿಲ್ಲ. ‘ವಿಜ್ಞಾನ’ ಎಂಬ ಮಾಸಪತ್ರಿಕೆ ಹೊರಟದ್ದು 1918ರಲ್ಲಿ. 1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಊರೂರಿಗೆ ಹೋಗಿ ಪ್ರಚಾರೋಪನ್ಯಾಸ ಮಾಡಿದರು, ಅವು ಪುಟ್ಟ ಪುಸ್ತಕಗಳಾದವು. ಡಾ. ಅನುಪಮಾ ನಿರಂಜನ ಬಸಿರು ಬಾಣಂತನವನ್ನೂ, ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮನೋರೋಗವನ್ನೂ ಕನ್ನಡದಲ್ಲೇ ತಿಳಿಸಿದರು. ಅರೆಬರೆ ತಿಳಿದವರು ಮಾತ್ರೆ ಬಿಟ್ಟುಬಿಟ್ಟರೆ ಎಂಬ ಭಯಕ್ಕೆ ಮಾತ್ರ ಬೆಲೆ ಕೊಡಬೇಕು. ಅದು ಸುಳ್ಳು ಭಯವಲ್ಲ. ಆದರೆ ತಾವು ಬಿಟ್ಟ ಜಾಗ ಖಾಲಿ ಉಳಿದಿಲ್ಲ. ಸಕ್ಕರೆ ಕಾಯಿಲೆಗೆ ಕಷಾಯ ಹೇಳುವ ವಾಟ್ಸಾಪ್ ವಿಡಿಯೋ ಅಚ್ಚಗನ್ನಡದಲ್ಲಿ ಬಂದು ಕೂತಿದೆ. ಅದಕ್ಕೆ ಪ್ರಶ್ನೆ ಕೇಳುವಂತಿಲ್ಲ, ತಮಗೆ ಕೇಳಬಹುದು.

ಹಳ್ಳಿಯಲ್ಲಿ ಮಾಡಿದರೂ ಜನ ಬರುವುದಿಲ್ಲ ಎಂಬುದು ಕೊನೆಯ ತಕರಾರು. ಮೂರು ಗಂಟೆಗೆ ಬರುವುದಿಲ್ಲ, ನಿಜ. ಹೊಲದಲ್ಲಿರುತ್ತಾರೆ, ರೇಷ್ಮೆ ಹುಳುವಿಗೆ ಸೊಪ್ಪು ಕೊಯ್ಯುತ್ತಿರುತ್ತಾರೆ. ಸಂಜೆ ಡೈರಿಗೆ ಹಾಲು ಹಾಕಿದ ಮೇಲೆ, ಏಳಕ್ಕೆ ಇಟ್ಟು ನೋಡಿ. ಶಾಲು, ಪೇಟ, ಹಣ್ಣಿನ ಬುಟ್ಟಿ ಸಿದ್ಧವಿದೆ, ಆದರೆ ಅವೆಲ್ಲ ಪ್ರಶ್ನೋತ್ತರ ಮುಗಿದ ಮೇಲೆ. ಅಧ್ಯಕ್ಷರ ಭಾಷಣವನ್ನು ಅಧ್ಯಕ್ಷರ ಒಪ್ಪಿಗೆ ಪಡೆದೇ ಕೈಬಿಟ್ಟಿದ್ದೇವೆ. ಒಪ್ಪಿಗೆ ಪತ್ರ ಕನ್ನಡದಲ್ಲೇ ಇತ್ತು.